ಇದರಾಗ ನಮ್ಮ ಲಗಮಪ್ಪ ಯಾಂವ?

ನಮ್ಮ ಕಾಕಾಗ ಹನ್ನೊಂದು ಮಂದಿ ಅಪ್ಪಂದಿರು!

ತಡೀರಿ, ತಡೀರಿ. ಹಂಗ ಹುಬ್ಬ ಏರಿಸಬ್ಯಾಡ್ರಿ. ನಮ್ಮ ಆಯಿ, ಅಂದ್ರ ಕಾಕಾನ ಅವ್ವ, ಬಂಗಾರದಂಥಾ ಹೆಣಮಗಳು. ಅಕಿ ಮ್ಯಾಲ ಒಂದು ಮಾತ ಬರಬಾರದು. ಈ ಹನ್ನೊಂದೂ ಮಂದಿ ಕಾಗದದಾಗ ಸಿಕ್ಕ ಅಪ್ಪಂದಿರು. ಹಳೇ ಪೇಪರಿನ್ಯಾಗ, ಕೋರ್ಟಿನ ದಪ್ತರದಾಗ ಕಾಕಾ ಒಬ್ಬೊಬ್ಬರನ್ನ ಹುಡುಕಿ ಹುಡುಕಿ ಮನಿಗಿ ತಂದಾನ. ಒಬ್ಬಾಂವ ತೆಂಗಿನಕಾಯಿ ಕದ್ದಾಂವ. ಒಬ್ಬಾಂವ ಇಸ್ಪೀಟ ಆಡೂವಾಗ ಸಿಕ್ಕಾಂವ. ಒಬ್ಬಾಂವ ಕಂದಾಯ ವಸೂಲಿಗಿ ಬಂದ ತಲಾಟಿ ಕೈ ಕಚ್ಚಿದಾಂವ. ಹೌದ್ರಿ, ಕಚ್ಚಿದಾಂವ! ಎಲ್ಲಾರ ಹೆಸರೂ ಲಗಮಪ್ಪ. ಆಯಾ ತಿಂಗಳು ಯಾವ ಲಗಮಪ್ಪ ಸಿಕ್ಕಿರತಾನೋ ಅವನನ್ನ ನಾವು ಮನಿ ಮಂದಿ ಮುತ್ಯಾ ಅಂತ ಒಪ್ಪಕೋಬೇಕು, ಮುಂದಿನ ತಿಂಗಳು ಕೈ ಬಿಡಬೇಕು. ತಲಾಟಿಗಿ ಕಚ್ಚಿದ ಮುತ್ಯಾ ಹೋದಾಗ ನನಗಂತೂ ಭಾಳ ಕೆಟ್ಟ ಅನಿಸ್ತು. ಅವನ ಮ್ಯಾಲ ನನಗ ಸ್ವಲ್ಪ ಅಭಿಮಾನ ಹುಟ್ಟಿತ್ತು.

ಕಾಕಾ ತೀರಿಕೊಂಡ ನಮ್ಮಪ್ಪನ ತಮ್ಮ. ಸಕ್ಕರಿ ಫ್ಯಾಕ್ಟರಿಯೊಂದರ ಕಾಟಾದಾಗ ಕೂತು, ಕಬ್ಬಿನ ಗಾಡಿ ತೂಕ ಬರಕೊಂಡು, ಚೀಟಿ ಹರದು ಕೊಟ್ಟು ರಿಟೈರ ಆದಾಂವ. ಬರದದ್ದೆಲ್ಲಾ ಮೂರು ಪ್ರತಿ ಆಗಬೇಕು ಅನ್ನೂದು ಅವನ ರಕ್ತದಾಗ ಇಳದೈತಿ. ಇವತ್ತಿಗೂ ಕಿರಾಣಿ ಯಾದಿ ಬರದ್ರ ಕೆಳಗ ಎರಡು ಕಾರ್ಬನ್ ಹಾಳಿ ಇಡತಾನ. ಒಂದು ಪ್ರತಿ ಅಂಗಡಿಗಿ, ಒಂದು ತನ್ನ ಚೀಲಕ್ಕ, ಇನ್ನೊಂದು ದೇವರ ಜಗಲಿ ಮ್ಯಾಲ. ನಮ್ಮ ಮನ್ಯಾಗ ಬೆಲ್ಲ ತೀರೇತಿ ಅಂತ ದೇವರಿಗಿ ಯಾಕ ಗೊತ್ತಾಗಬೇಕು? ಕೇಳಿದ್ರ, "ಆಫೀಸ ಕಾಪಿ ಅಂತ ಒಂದು ಇರಬೇಕಲ್ಲೋ" ಅಂತಾನ!

ಇಂಥಾ ಮನಿಶ್ಯಾ ಹಳೇ ಕಾಗದದ ಹಿಂದ ಯಾಕ ಬಿದ್ದ ಅಂತೀರಿ? ಅದಕ್ಕ ನಮ್ಮ ತೆಲಸಂಗದ ಅತ್ತಿ ಕಾರಣ. ಅತ್ತಿ ಕಾಕಾನ ಅಕ್ಕ. ಎಂಬತ್ತು ದಾಟ್ಯಾಳ. ನಮ್ಮ ಮುತ್ಯಾ, ಅಂದ್ರ ಇವರಿಬ್ಬರ ಅಪ್ಪ, ಅತ್ತಿ ಸಣ್ಣಾಕಿ ಇದ್ದಾಗ ಎತ್ತಿನ ಕಳವಿನ ಖಟ್ಲೇದಾಗ ಜೇಲಿಗಿ ಹೋಗಿ ಬಂದಿದ್ದ. ಇಷ್ಟು ಖರೇ. ಖರೇನ ಕದ್ದಿದ್ದನೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಮುತ್ಯಾ ಬಾಯಿ ಬಿಡಲಿಲ್ಲ, ಆಯಿ ಅಂತೂ ಆ ಮಾತ ತಗದ್ರ ಎದ್ದು ಹಿತ್ತಲಕ್ಕ ಹೋಗತಿದ್ಲು. ಆದ್ರ ಅತ್ತಿ ಗಂಡ, ನಮ್ಮ ಮಾಮಾ, ಭಾಳ ಚ್ಯಾಷ್ಟಿ ಮನಿಶ್ಯಾ. ಮದುವಿ ಆದ ದಿನದಿಂದ ಅತ್ತಿಗಿ ಒಂದು ಹೆಸರ ಇಟ್ಟಾನ: ಕಳ್ಳನ ಮಗಳು. "ಕಳ್ಳನ ಮಗಳ, ಚಾ ತಾ. ಕಳ್ಳನ ಮಗಳ, ನನ್ನ ಕೋಲ ಎಲ್ಲಿ ಕದ್ದಿಟ್ಟಿ?" ಮನಸ್ಸಿನ್ಯಾಗ ಏನೂ ಇಲ್ಲ ಬಿಡ್ರಿ. ಆದ್ರ ಅರವತ್ತು ವರ್ಷ!

ಹಿಂದ ತೆಲಸಂಗದಾಗ ಒಂದು ಮದುವಿ ಆತು. ಸಾಮಾನು ಇಟ್ಟ ಖೋಲಿ ಕೀಲಿ ಯಾರೋ ತಂದು ಅತ್ತಿ ಕೈಯಾಗ ಕೊಟ್ರು. ಮಾಮಾ ಅಷ್ಟು ಬೀಗರ ಮುಂದ, "ಏ, ಕಳ್ಳನ ಮಗಳ ಕೈಯಾಗ ಕೀಲಿ ಕೊಟ್ರೇನ್ರಿ? ಮುಗೀತು ಬಿಡ್ರಿ!" ಅಂದ. ಎಲ್ಲಾರೂ ನಕ್ಕರು. ಅತ್ತಿನೂ ನಕ್ಕಳು. ನಕ್ಕೋತ ಕೀಲಿ ಕೆಳಗ ಇಟ್ಟಳು. ಮದುವಿ ಮುಗಿಯೂ ತನಕ ಅದನ್ನ ಮುಟ್ಟಲಿಲ್ಲ. ಯಾರೂ ನೋಡಲಿಲ್ಲ, ಕಾಕಾ ನೋಡಿದ.

ತಿರುಗಿ ಬರೂವಾಗ ಅಥಣಿ ಬಸ್ ಸ್ಟ್ಯಾಂಡಿನ್ಯಾಗ ಚಾ ಕುಡಕೋತ ಅಂದ: "ಅಕ್ಕ ಕಣ್ಣ ಮುಚ್ಚೂದರೊಳಗ ಅಪ್ಪ ಕದ್ದಾನೋ ಇಲ್ಲೋ, ಕಾಗದ ತಂದು ಅಕಿ ಕೈಯಾಗ ಇಡತೀನಿ."

"ಕದ್ದಾನಂತ ಬರದಿದ್ರ?" ಅಂದೆ.

"ಬರದಿದ್ರ ಬರದಿರ್ಲಿ. ಕದ್ದಿಲ್ಲಂದ್ರ ದಾಜಿ ಮುಂದ ಒಗೀತೀನಿ. ಕದ್ದಾನಂದ್ರ ಅಕಿ ಕೂತ ಅಳಲಿ. ಈಗ ಅಕಿಗಿ ನಗಬೇಕೋ ಅಳಬೇಕೋ ತಿಳೀವಲ್ದು."

ದಾಜಿ ಅಂದ್ರ ನಮ್ಮ ಕಡೆ ಅಕ್ಕನ ಗಂಡ. ದಾಜಿ ಮುಂದ ಕಾಕಾ ಜನ್ಮದಾಗ ಧ್ವನಿ ಎತ್ತಿದಾಂವಲ್ಲ. ಒಗೀತೀನಿ ಅಂದದ್ದು ಕೇಳಿ ನನ್ನ ಕೈಯಾಗಿನ ಚಾ ಚೆಲ್ಲಿತು.

ಇಷ್ಟೇ ಆಗಿದ್ರ ಹೋಗಲಿ ಅನ್ನಬಹುದಿತ್ತು. ನಮ್ಮ ಮನಿತನಕ್ಕ ಇನ್ನೊಂದು ಹೆಸರೂ ಇತ್ತು. ನಮ್ಮ ಆಯಿ ಗಂಡನ್ನ ಹೆಸರ ಹಿಡದು ಕರೀತಿದ್ಲು! ಈಗಿನ ಹುಡಿಗ್ಯಾರಿಗಿ ಇದು ಏನೂ ಅನಿಸಂಗಿಲ್ಲ. ನನ್ನ ಹೆಂಡ್ತಿ ನನ್ನ ಹೆಸರಿನ ಅರ್ಧಾ ತಿಂದು, ಉಳದ ಅರ್ಧಕ್ಕ ಬಾಲ ಹಚ್ಚಿ, "ಲಗ್ಗೂ" ಅಂತ ಸಂತ್ಯಾಗ ಒದರತಾಳ. (ಹೌದ್ರಿ, ನಾನೂ ಲಗಮಪ್ಪನ. ಮುತ್ಯಾನ ಹೆಸರ ಮೊಮ್ಮಗಗ.) ಆದ್ರ ಹಿಂದಿನ ಕಾಲದಾಗ ಗಂಡನ ಹೆಸರ ನಾಲಿಗಿ ಮ್ಯಾಲ ತರೂದು ಪಾಪ. ನಮ್ಮ ಕಾಕು, ಕಾಕಾನ ಹೆಂಡ್ತಿ, ಇವತ್ತಿಗೂ ಹೇಳಂಗಿಲ್ಲ. ರೇಷನ್ ಕಾರ್ಡ ಮಾಡಿಸಾಕ ಹೋದಾಗ, "ಗಂಡನ ಹೆಸರೇನ್ರಿ?" ಅಂತ ಕೇಳಿದ್ರ ಅಕಿ ನನ್ನ ಪಕ್ಕಡಿಗಿ ತಿವದು, "ಹೇಳೋ, ಬಾಯಿ ಐತಿಲ್ಲೋ?" ಅಂದ್ಲು. ಅವರು ನನ್ನನ್ನ ಗಂಡ ಅಂತ ಬರಕೊಳ್ಳೂದು ಒಂದೀಟರಾಗ ತಪ್ಪಿತು!

ಅಂಥಾದ್ರಾಗ ನಮ್ಮ ಆಯಿ ಹೊಲದ ಬದುವಿನ ಮ್ಯಾಲ ನಿಂತು, ಸೊಂಟದ ಮ್ಯಾಲ ಕೈ ಇಟ್ಟು, ದಿನಾ ಮಧ್ಯಾಹ್ನ ಒದರತಿದ್ಲು: "ಲಗಮಪ್ಪಾ...! ಏ ಲಗಮಪ್ಪಾ! ರೊಟ್ಟಿ ಆರಿದುವು, ಬಾ!" ನಾ ಸಣ್ಣಾಂವ ಇದ್ದಾಗ ಕಿವಿಯಾರೆ ಕೇಳೇನಿ. ಅಕಿ ಒಮ್ಮಿ ಕರದ್ರ ಆಜೂಬಾಜೂ ಹೊಲದಾಗಿನ ಐದಾರು ಲಗಮಪ್ಪಗಳು ಗಕ್ಕನ ತಲಿ ಎತ್ತತಿದ್ರು. ಅವರ ಹೆಂಡಂದ್ರು ಯಾರೂ ಹೆಸರ ಹಿಡದು ಕರದವರಲ್ಲ. ಪಾಪ, ಹೆಣಮಕ್ಕಳ ಧ್ವನಿಯಾಗ ತಮ್ಮ ಹೆಸರ ಕೇಳಿದ್ದು ನಮ್ಮ ಆಯಿ ಕಡಿಂದನ!

ಊರ ಮಂದಿ ಆಯಿಗಿ ಗಂಡಬೀರಿ ಅಂದ್ರು. ಕಾಕಾಗ ಸಾಲ್ಯಾಗ, "ನಿಮ್ಮವ್ವ ನಿಮ್ಮಪ್ಪಗ ಆಳಿನ್ನ ಕರದಂಗ ಕರೀತಾಳಲ್ಲೋ" ಅಂತ ಕಾಡತಿದ್ರಂತ. ಕಾಕಾ ತನ್ನೊಳಗ ಒಂದು ಲೆಕ್ಕ ಹಾಕಿ ಇಟ್ಟಿದ್ದ: ಅಪ್ಪ ಜೇಲಿಗಿ ಹೋಗಿ ಬಂದಾಂವ, ಅದಕ್ಕ ಅವ್ವ ಅವಗ ಕಿಮ್ಮತ್ತ ಕೊಡಂಗಿಲ್ಲ. ಈ ಲೆಕ್ಕವನ್ನ ಅಂವಾ ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ನನಗ ಹೇಳಿದ್ದೂ ಒಮ್ಮಿ, ಗಾಡಿ ಮ್ಯಾಲ, ನನ್ನ ಬೆನ್ನಿಗಿ.

ಹಂಗ ಶುರು ಆತ್ರಿ ಹುಡುಕಾಟ. ಗಾಡಿ ನಂದು, ಪೆಟ್ರೋಲ ನಂದು, ಚಿಕ್ಕೋಡಿಯೊಳಗಿನ ಗೊಬ್ಬರದ ಅಂಗಡಿ ಬಾಗಿಲಾ ಹಾಕೂದೂ ನಂದು. ಹಿಂದ ಕೂಡೂದು ಮಾತ್ರ ಕಾಕಾಂದು.

ಮೊದಲ ಮುಕ್ಕಾಮು ನಿಪ್ಪಾಣಿ. ಅಲ್ಲಿ ಹಳೇ ತಂಬಾಕಿನ ವ್ಯಾಪಾರಿ ಒಬ್ಬರ ಅಟ್ಟದ ಮ್ಯಾಲ ಅವರ ಅಜ್ಜನ ಕಾಲದ ಮರಾಠಿ ವಾರಪತ್ರಿಕೆ ಗಂಟು ಕಟ್ಟಿ ಇಟ್ಟಿದ್ರು. ಇಟ್ಟಿದ್ದು ಸಂಶೋಧನೆಗಲ್ಲ, ತಂಬಾಕಿನ ಪೆಂಡಿ ಕೆಳಗ ಹಾಸಾಕ. ಒಂದು ಗಂಟ ಬಿಚ್ಚಿದ್ರ ಸಾಕು, ಕಾಕಾಗ ಸೀನು. ಒಂದಲ್ಲ ಎರಡಲ್ಲ, ಹದಿನೈದು. ಸೀನಿ ಸೀನಿ ಕಣ್ಣೀರ ಒರಸಿಕೊಂಡು ಅಂವಾ ಓದತಿದ್ರ, ಕೆಳಗಿಂದ ಆ ವ್ಯಾಪಾರಿ ಹೆಂಡ್ತಿ, "ದುಃಖದ ಸುದ್ದಿ ಏನರೆ ಸಿಕ್ತೇನ್ರಿ?" ಅಂತ ಕೇಳತಿದ್ಲು.

ಸಿಕ್ಕದ್ದು ಲಗಮಪ್ಪಗಳು. ರಾಶಿ ರಾಶಿ! ನಮ್ಮೂರ ದೇವಿ ಲಗಮವ್ವ. ಅಕಿಗಿ ಹರಕಿ ಹೊತ್ತು ಹುಟ್ಟಿದ ಗಂಡಸರೆಲ್ಲಾ ಲಗಮಪ್ಪ. ಅವರ ಮೊಮ್ಮಕ್ಕಳೂ ಲಗಮಪ್ಪ. ಆಸುಪಾಸಿನ ಹಳ್ಳ್ಯಾಗೂ ಇದೇ ಹಾಡು. ಇಂಥಾ ಸೀಮ್ಯಾಗ ಪತ್ರಿಕೆಯಾಂವ ಏನ ಬರದಾನ? "ಲಗಮಪ್ಪ ಎಂಬವನಿಗೆ ಶಿಕ್ಷೆ." ಮುಗೀತು. ಯಾವ ಲಗಮಪ್ಪ, ಯಾರ ಮಗ, ಯಾವ ಊರು? ಅವಗ ಒಬ್ಬನ ಲಗಮಪ್ಪ ಇದ್ದಂಗ ಬರದಾನ, ಭಾಡ್ಯಾ!

ಕಾಕಾ ಮಾತ್ರ ಸಿಕ್ಕ ಸಿಕ್ಕಾಂವನ್ನ ಅಪ್ಪ ಅಂತ ಮೂರು ಪ್ರತಿ ಬರಕೊಂಡ. ತೆಂಗಿನಕಾಯಿ ಲಗಮಪ್ಪ ಸಿಕ್ಕ ದಿನ ಮನಿಗಿ ಬಂದು, "ಎತ್ತಲ್ಲೋ, ತೆಂಗಿನಕಾಯಿ! ಎಷ್ಟು ಸಣ್ಣ ಕಳವು!" ಅಂತ ಖುಷಿಯಿಂದ ಕಾಕು ಕೈಲೆ ಶಿರಾ ಮಾಡಿಸಿದ. ಎಂಟ ದಿನಕ್ಕ ಆ ಲಗಮಪ್ಪ ಕಾಗವಾಡ ಕಡೆಯಾಂವ ಅಂತ ತಿಳೀತು. ಶಿರಾ ಆಗಲೇ ಪಚನ ಆಗಿತ್ತು.

ಆಮ್ಯಾಲ ಭಜಿ ಗಾಡಿಗೋಳ ಕಾಟ. ಹಳೇ ಪೇಪರಂದ್ರ ಎಲ್ಲಾ ಹಳೇ ಪೇಪರನ ಅಂತ ತಿಳದು, ಮಿರ್ಚಿ ಭಜಿ ಕಟ್ಟಿ ಕೊಟ್ಟ ಹಾಳಿನೂ ಬಿಡಿಸಿ ಓದತಿದ್ದ. "ಕಾಕಾ, ಇದು ಹೋದ ವಾರದ್ದು" ಅಂದ್ರ, "ಇರಲಿ, ಲಗಮಪ್ಪ ಅಂತ ಏನರೆ ಐತೇನು ನೋಡ" ಅಂತ ನನ್ನ ಮೂಗಿಗಿ ಹಿಡೀತಿದ್ದ. ಎಣ್ಣಿಯೊಳಗ ಲಗಮಪ್ಪ ಏನ ಕಂಡಾನು?

ಎಲ್ಲಾಕ್ಕಿಂತ ದೊಡ್ಡ ಫಜೀತಿ ಆದದ್ದು ಸ್ವಾತಂತ್ರ್ಯದ ಲಗಮಪ್ಪನಿಂದ. ಒಂದು ಗಂಟಿನ್ಯಾಗ, ಸರಕಾರದ ವಿರುದ್ಧ ಘೋಷಣೆ ಕೂಗಿದ್ದಕ್ಕ ಲಗಮಪ್ಪ ಎಂಬವ ಜೇಲಿಗಿ ಹೋದ ಅಂತ ಬರದಿತ್ತು. ಕಾಕಾ ಅಟ್ಟದ ಮ್ಯಾಲ ಎದ್ದು ನಿಂತ, ತೊಲಿಗಿ ತಲಿ ಬಡಕೊಂಡ, ಆದ್ರೂ ನಕ್ಕ. "ಕಳವಲ್ಲೋ! ಹೋರಾಟ! ಎತ್ತ ಗಿತ್ತ ಎಲ್ಲಾ ಪೊಲೀಸರ ಕಟ್ಟಿದ ಕಥಿ!" ಮನ್ಯಾಗ ಮುತ್ಯಾಂದು ಇದ್ದದ್ದು ಒಂದ ಫೋಟೋ, ರುಮಾಲ ಸುತ್ತಿದ್ದು. ಅದನ್ನ ಸ್ಟುಡಿಯೋಕ್ಕ ಒಯ್ದು ರುಮಾಲ ತಗಸಿ ಗಾಂಧಿ ಟೊಪ್ಪಿಗಿ ಹಾಕಿಸಿದ. ಸಾಲಿ ಝೆಂಡಾವಂದನಕ್ಕ ಹೋಗಿ ಭಾಷಣ ಮಾಡಿದ. ಹುಡುಗೋರು ಚಪ್ಪಾಳಿ ಹೊಡದ್ರು. ತೆಲಸಂಗಕ್ಕ ಫೋನ ಮಾಡಿ, "ಅಕ್ಕಾ, ಮುಂದಿನ ವಾರ ಬರತೀನಿ, ಪೇಢೆ ತರತೀನಿ" ಅಂದ.

ಮುಂದಿನ ವಾರ ನಮ್ಮ ಮನಿಗೇ ಒಬ್ಬರು ಬಂದ್ರು. ರಾಯಬಾಗ ಕಡೆಯವರು, ನನ್ನಷ್ಟ ವಯಸ್ಸಿನವರು. ಬಾಗಲದಾಗ ಚಪ್ಪಲ ಬಿಟ್ಟು, ನಮಸ್ಕಾರ ಮಾಡಿ, ಭಾಳ ನಾಚಕೋತ ಅಂದ್ರು: "ತಪ್ಪ ತಿಳಕೋಬ್ಯಾಡ್ರಿ. ನಮ್ಮ ಮುತ್ಯಾ ನಿಮ್ಮ ಮನ್ಯಾಗ ಅದಾನಂತ ಕೇಳಿದ್ವಿ."

ಕಾಕಾಗ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ಕಾಕು ಒಳಗಿಂದ ಇಣುಕಿ, ಮನ್ಯಾಗ ಯಾರರೆ ಮುತ್ಯಾ ಬಂದು ಕೂತಾನೇನು ಅಂತ ಹೊರಸಿನ ಕಡೆ ನೋಡಿದ್ಲು.

"ಘೋಷಣೆ ಕೂಗಿದ ಲಗಮಪ್ಪ ನಮ್ಮಾಂವರಿ. ತಾಮ್ರಪತ್ರ ಐತ್ರಿ ಮನ್ಯಾಗ. ನೀವು ಸಾಲ್ಯಾಗ ಭಾಷಣ ಮಾಡಿದ್ದು ಫೋನಿನ್ಯಾಗ ನೋಡಿ ನಮ್ಮವ್ವ ಊಟ ಬಿಟ್ಟಾಳ. ನಮ್ಮ ಮಾವನ್ನ ಯಾರೋ ಒಯ್ದಾರ, ಹೋಗಿ ಕರಕೊಂಡ ಬಾ ಅಂತ ಕಳಿಸ್ಯಾಳ."

"ನಿಮ್ಮ ಹೆಸರ?" ಅಂದ ಕಾಕಾ.

"ಲಗಮಪ್ಪರಿ."

ಇನ್ನೇನ ಇರತೈತಿ!

ಕಾಕಾ ಎದ್ದು, ಆ ಲಗಮಪ್ಪನ ಮೂರೂ ಪ್ರತಿ ತಂದು ಅವರ ಕೈಯಾಗ ಕೊಟ್ಟ. ಟೊಪ್ಪಿಗಿ ತಗಸಾಕ ಫೋಟೋ ಮತ್ತ ಸ್ಟುಡಿಯೋಕ್ಕ ಹೋತು. ಟೊಪ್ಪಿಗಿ ಹೋತು, ಆದ್ರ ರುಮಾಲ ಮರಳಿ ಬರಲಿಲ್ಲ. ನಮ್ಮ ಮುತ್ಯಾ ಇವತ್ತಿಗೂ ಗ್ವಾಡಿ ಮ್ಯಾಲ ಬರೇ ತಲಿಲೆ ಕೂತಾನ. ಆ ದಿನ ಕಾಕಾ ಉಣ್ಣಲಿಲ್ಲ. ತೆಲಸಂಗಕ್ಕ ಫೋನ ಮಾಡಿ, "ಅಕ್ಕಾ, ಪೇಢೆ ಈ ವಾರ ಸಿಗಲಿಲ್ಲ" ಅಂದ. ಆ ಕಡೆಯಿಂದ ಅತ್ತಿ, "ಇರಲಿ ತಮ್ಮಾ, ನನಗ ಪೇಢೆ ಯಾಕ ಬೇಕೋ" ಅಂದದ್ದು ನನಗೂ ಕೇಳಿತು.

ಪತ್ರಿಕೆ ಆತು, ಕೋರ್ಟಿಗಿ ಹೋಗೋಣ ಅಂದ. ಯಾವ ಊರ ಕೋರ್ಟು ಅಂತ ನಾ ಹೇಳಂಗಿಲ್ಲ. ಅಲ್ಲಿಯವರ ಕೂಡ ಕಾಕಾಂದು ಈಗ ಚಾ ಕುಡಿಯೂವಷ್ಟು ಸಲಿಗಿ ಐತಿ. ರೆಕಾರ್ಡ ರೂಮಿನ ಸಾಹೇಬರು ಭಾಳ ಸಮಾಧಾನದ ಮನಿಶ್ಯಾ. ಇರಲಿಕ್ಕೇ ಬೇಕು.

"ಆರೋಪಿ ಹೆಸರ?"

"ಲಗಮಪ್ಪ ಬಿನ್ ಸತ್ಯಪ್ಪ."

"ಇಸವಿ?"

"ಇಂಗ್ಲಿಷರು ಗಂಟು ಮೂಟಿ ಕಟ್ಟಾಕತ್ತಿದ್ರು ನೋಡ್ರಿ, ಆವಾಗ."

"ಅದು ಇಸವಿ ಏನ್ರಿ, ಅಜ್ಜಾರ?"

"ನಮ್ಮ ಅಕ್ಕಗ ಮುಂದಿನ ಹಲ್ಲು ಬಿದ್ದಿದ್ದುವು" ಅಂತ ಕಾಕಾ ಇನ್ನೂ ಬರೋಬ್ಬರಿ ಗುರುತು ಹೇಳಿದ.

ಸಾಹೇಬರು ಪೆನ್ನು ಕೆಳಗ ಇಟ್ರು. ಆಮ್ಯಾಲ ನಗು ತಡಕೊಂಡು ಅರ್ಜಿ ಇಸಗೊಂಡ್ರು. ಒಂದ ಸಾಕ್ರಿ ಅಂದ್ರೂ ಕಾಕಾ ಮೂರು ಕೊಟ್ಟ. ಮೂರು ಅರ್ಜಿ ನೋಡಿದ ಕೆಳಗಿನವರು ಮೂರು ಬ್ಯಾರೆ ಬ್ಯಾರೆ ಖಟ್ಲೆ ಅಂತ ತಿಳದು ಮೂರು ಬ್ಯಾರೆ ಬ್ಯಾರೆ ಲಗಮಪ್ಪನ ನಕಲ ತಗದು ಕೊಟ್ರು. ನಮ್ಮ ಹತ್ತಿರ ಹಿಂಗ ಲಗಮಪ್ಪಗಳ ಸಂಖ್ಯೆ ಹನ್ನೊಂದಕ್ಕ ಏರಿತು! ನನಗ ಕನಸಿನ್ಯಾಗೂ ಯಾರೋ ಬಂದು, "ನಾ ಲಗಮಪ್ಪ, ನಾ ಅಲ್ಲ" ಅಂತ ಹೇಳಿ ಹೋಗಾಕತ್ತಿದ್ರು. ಅಂಗಡ್ಯಾಗ ಒಬ್ಬರು ಯೂರಿಯಾ ಕೇಳಿದ್ರ, "ಅಪ್ಪನ ಹೆಸರ?" ಅಂತ ಕೇಳಿಬಿಟ್ಟೆ.

ಅಷ್ಟರಾಗ ರಾಯಬಾಗದ ಲಗಮಪ್ಪ ಮತ್ತ ಬಂದ್ರು. ಈ ಸಲ ನಾಚಿಕಿ ಇಲ್ಲ, ಕಂಕುಳದಾಗ ಒಂದು ಲಕೋಟಿ.

"ಕಾಕಾರ, ನಾನೂ ನಮ್ಮ ಮುತ್ಯಾನ ಕಾಗದಕ್ಕ ಅರ್ಜಿ ಹಾಕಿದ್ನಿರಿ. ಇದನ್ನ ಕೊಟ್ಟಾರ. ಎತ್ತಿನ ಕಳವು ಅಂತ. ಇದು ನಮ್ಮಾಂವ ಆಗಾಕ ಸಾಧ್ಯನ ಇಲ್ರಿ."

"ಅಷ್ಟು ಖಾತ್ರಿ ಹೆಂಗ?" ಅಂದ ಕಾಕಾ.

"ನಮ್ಮಾಂವ ಆವಾಗ ಬ್ಯಾರೆ ಜೇಲಿನ್ಯಾಗ ಇದ್ದರಿ!"

ಇದಕ್ಕಿಂತ ಗಟ್ಟಿ ಸಾಕ್ಷಿ ಯಾರ ಕೊಟ್ಟಾರು? ಲಕೋಟಿ ಮ್ಯಾಲ ನಮ್ಮೂರ ಹೆಸರು. ಲಗಮಪ್ಪ ಬಿನ್ ಸತ್ಯಪ್ಪ. ಎತ್ತು. ನಮಗ ಕೊಟ್ಟ ಮೂರು ನಕಲಿನ್ಯಾಗ ಘೋಷಣೆ ಕೂಗಿದ ಅವರ ಮುತ್ಯಾಂದು ಒಂದಿತ್ತು, ಕಾಕಾ ಅದನ್ನ ತಗದು ಅವರ ಕೈಯಾಗ ಇಟ್ಟ. ಒಬ್ಬ ಲಗಮಪ್ಪ ಇನ್ನೊಬ್ಬ ಲಗಮಪ್ಪನ ಮನಿಗಿ ಬಂದು ಮೂರನೇ ಲಗಮಪ್ಪನ್ನ ಕೊಟ್ಟು, ನಾಲ್ಕನೇದವನ್ನ ತಗೊಂಡು ಹೋದ. ನಿಮಗ ತಲಿ ತಿರಗಿದ್ರ ನಾ ಜವಾಬ್ದಾರ ಅಲ್ಲ, ನಂದೂ ತಿರಗಿತ್ತು.

ಕಾಗದ ಸಿಕ್ತು, ಓದೂದು ಹೆಂಗ? ಅದು ಮೋಡಿ, ಮರಾಠಿಯ ಹಳೇ ಕೂಡಿಸಿ ಬರ್ಯೂ ಅಕ್ಷರ. ಮೊದಲಿನ ಕಾರಕೂನರು ಟಾಕು ಒಮ್ಮಿ ಹಾಳಿಗಿ ಹಚ್ಚಿದ್ರ ಸಾಲ ಮುಗಿಯೂ ತನಕ ಎತ್ತತಿರಲಿಲ್ಲಂತ. ನೋಡಿದ್ರ ಶಾವಿಗಿ ಒಣಾಕ ಹಾಕಿದಂಗ ಕಾಣತೈತಿ. ನಿಪ್ಪಾಣಿಯೊಳಗ ಒಬ್ಬರು ರಿಟೈರ್ಡ ಮರಾಠಿ ಮಾಸ್ತರು ಅದನ್ನ ಓದತಾರಂತ ತಿಳದು, ಮತ್ತ ಗಾಡಿ, ಮತ್ತ ಪೆಟ್ರೋಲ.

ಮಾಸ್ತರು ಭೂತಗನ್ನಡಿ ಹಿಡದು ಕೂತ್ರು. ಕಾಕಾ ಕಾರ್ಬನ್ ಜೋಡಿಸಿಕೊಂಡು ಬರಕೊಳ್ಳಾಕ ಕೂತ.

"ಆರೋಪಿ ಲಗಮಪ್ಪ ಏನ ಹೇಳತಾನಂದ್ರ, ಎತ್ತು ತಂದು ಕೊಟ್ಟಿಗ್ಯಾಗ ಕಟ್ಟಿದಾಂವ ಲಗಮಪ್ಪ."

ಕಾಕಾನ ಪೆನ್ನು ನಿಂತಿತು. "ಅಂದ್ರ ಒಪ್ಪಕೊಂಡ?"

"ಥಾಂಬಾ, ತಡೀರಿ. ಮುಂದ ಐತಿ. ನಾನಲ್ಲ, ಹಳ್ಳದ ದಂಡಿ ಮನಿ ಲಗಮಪ್ಪ ಅಂತಾನ. ಅದಕ್ಕ ಮ್ಯಾಜಿಸ್ಟ್ರೇಟ ಸಾಹೇಬರು ಬರಸ್ಯಾರ: ಆರೋಪಿ ತನ್ನ ಹೆಸರಿನವನ ಮ್ಯಾಲ ತಪ್ಪ ಹಾಕಾಕತ್ತಾನ. ಇದು ಕಟ್ಟಿದ ಕಥಿ ಕಾಣತೈತಿ. ತಾನು ಆ ದಿನ ಊರಾಗ ಇರಲಿಲ್ಲ ಅಂತಾನ. ಮನ್ಯಾಗ ಇದ್ದಾಕಿ ಅವನ ಹೆಂಡ್ತಿ ಒಬ್ಬಾಕಿನ. ಅಕಿ ಆ ಹೆಸರ ಹೇಳಿದ್ರ ನಂಬೋಣ."

"ಹೇಳಿದ್ಲಾ?" ಅಂದೆ ನಾ. ನನಗ ಗೊತ್ತಿಲ್ಲದಂಗ ಎದ್ದು ನಿಂತಿದ್ದೆ.

ಮಾಸ್ತರು ಹಾಳಿ ತಿರುವಿದ್ರು. "ದೀಪ ಹಚ್ಚೂ ಹೊತ್ತಿಗಿ ಒಬ್ಬರು ಎತ್ತು ತಂದು ಕಟ್ಟಿದ್ರು, ಮುಂಜಾನಿ ಒಯ್ತೀನಿ ಅಂದ್ರು ಅಂತ ಹೇಳ್ಯಾಳ. ಯಾರು? ಹಳ್ಳದ ದಂಡಿ ಮನ್ಯಾವ್ರು. ಅಲ್ಲಿ ಐದು ಮನಿ ಅದಾವ, ಹೆಸರ ಹೇಳು. ದಪ್ಪ ಮೀಸ್ಯಾವ್ರು. ಮೀಸಿ ಬ್ಯಾಡ, ಹೆಸರ. ಬಿಳೀ ಕುದರಿ ಇದ್ದವ್ರು." ಮಾಸ್ತರು ಕನ್ನಡಕ ತಗದು ಒರಸಿ ಮತ್ತ ಹಾಕಿಕೊಂಡ್ರು. "ಮೂರು ಸಲ ಕೇಳಲಾಯಿತು. ಸಾಕ್ಷಿದಾರಳು ಸೆರಗು ಬಾಯಿಗಿ ಹಿಡಕೊಂಡು ಅತ್ತಳು. ಹೆಸರ ಹೇಳಲಿಲ್ಲ. ಇಂಥಾ ಸಾಕ್ಷಿ ನಂಬುವಂಥಾದ್ದಲ್ಲ. ಆರೋಪಿಗಿ ಸಜಾ."

ಕಾಕಾ ಗಪ್ಪಂತ ಕಾರ್ಬನ್ ಮಡಚಿದ. "ಮಾಸ್ತರ, ಮುಚ್ಚರಿ. ಇದೂ ನಮ್ಮದಲ್ಲ."

"ಅಲ್ಲ ಕಾಕಾ, ಊರು ನಮ್ಮದು, ಸತ್ಯಪ್ಪನ ಮಗ, ಎತ್ತು..."

"ಊರಾಗ ಸತ್ಯಪ್ಪನ ಮಗ ಲಗಮಪ್ಪ ಮೂರು ಮಂದಿ ಇದ್ರೋ! ಇದು ಯಾರೋ ಬಾಯಿ ಇಲ್ಲದ ಬಡಪಾಯಿ ಹೆಣಮಗಳು. ನಮ್ಮವ್ವ? ಲಗಮಪ್ಪಾ ಅಂತ ಅರ್ಧಾ ಊರಿಗಿ ಕೇಳೂವಂಗ ಒದರತಿದ್ದಾಕಿ, ಕೋರ್ಟಿನ್ಯಾಗ ಲಗಮಪ್ಪ ಅನ್ನಾಕ ಹೆದರತಾಳ? ನಮ್ಮವ್ವ ಆಗಿದ್ರ ಮ್ಯಾಜಿಸ್ಟ್ರೇಟನ ಹೆಸರೂ ಹೇಳಿ ಬರತಿದ್ಲು!"

ಹನ್ನೆರಡನೇ ಲಗಮಪ್ಪನೂ ಹೋದ. ನನಗೂ ಕಾಕಾನ ಮಾತು ಖರೇ ಅನಿಸ್ತು. ಚಿಕ್ಕೋಡಿ ಮುಟ್ಟೂವಾಗ ಗಾಡಿ ಹಿಂದಿಂದ ಕಾಕಾ ಅಂದ, "ಒಮ್ಮಿ ಅಕ್ಕನ್ನ ಕೇಳೋಣ. ಅಕಿ ಒಬ್ಬಾಕಿ ಉಳದಾಳ ಆವಾಗಿನಾಕಿ. ಇದು ನಮ್ಮದಲ್ಲಂತ ಅಕಿನೂ ಅಂದ್ರ, ನಾ ಇನ್ನ ಹುಡುಕಂಗಿಲ್ಲ. ನನಗೂ ಸಾಕಾಗೇತಿ."

ಮರುದಿನ ತೆಲಸಂಗ. ಮಾಮಾ ಅಂಗಳದಾಗ ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲ ಕೂತಿದ್ದ. ಕಿವಿ ಪೂರಾ ಮಂದ ಆಗ್ಯಾವ. ಮೂರು ಸಲ ಒದರಿದ್ರ ಒಮ್ಮಿ ಕೇಳತೈತಿ. ಆದ್ರೂ ಕಾಕಾನ್ನ ನೋಡಿ, "ಬಾರಪ್ಪಾ, ಕಳ್ಳನ ಮಗನ!" ಅಂತ ಬಾಯಿ ತುಂಬ ಕರದ. ಒಳಗ ಅತ್ತಿ ಅವರಿ ಸುಲಕೋತ ಕೂತಿದ್ಲು. ಕಾಕಾ ಅಕಿ ಮುಂದ ಕೂತು, ಅಳಕೋತ ಅಲ್ಲ, ಸಿಟ್ಟಿನಿಂದನ, ಅಷ್ಟೂ ಓದಿದ. ಓದಿ, "ನೋಡ ಅಕ್ಕಾ, ಇದು ನಮ್ಮವ್ವ ಏನು? ಅಲ್ಲಂತ ಹೇಳಿಬಿಡು, ಹರದ ಒಗೀತೀನಿ" ಅಂದ.

ಅತ್ತಿ ಕೈಯಾಗಿನ ಅವರಿಕಾಯಿ ಹಂಗ ಹಿಡದಿದ್ಲು.

"ತಮ್ಮಾ, ನೀ ಆವಾಗ ಹುಟ್ಟಿರಲಿಲ್ಲ" ಅಂದ್ಲು. "ಅದಕ್ಕೂ ಮೊದಲ ಅವ್ವ ಅಪ್ಪನ ಹೆಸರ ಒಮ್ಮಿನೂ ಅಂದಾಕಿ ಅಲ್ಲೋ. ಊರ ದೇವಿ ಲಗಮವ್ವ ಅನ್ನಾಕೂ ಅಂಜಾಕಿ. ಕೋರ್ಟಿಂದ ಬಂದು ಮೂರು ದಿನ ಗ್ವಾಡಿಗಿ ಮಾರಿ ಮಾಡಿ ಮಕ್ಕೊಂಡಿದ್ಲು. ಯಾಕಂತ ನನಗ ತಿಳೀಲಿಲ್ಲ, ಸಣ್ಣಾಕಿ. ಅಪ್ಪ ಜೇಲಿಂದ ಬಿಟ್ಟು ಬಂದ ದಿನ ನನಗ ನೆನಪೈತಿ. ಅಂಗಳದಾಗ ಕಳ್ಳರಂಗ ನಿಂತಿದ್ದ, ಒಳಗ ಬರವಲ್ಲ. ಓಣಿ ಮಂದಿ ಎಲ್ಲಾ ನೋಡಾಕ ಕೂಡಿತ್ತು. ಅವ್ವ ಕಾಲಿಗಿ ನೀರಿನ ಚರಗಿ ಹಿಡದು ಹೊರಗ ಬಂದ್ಲು. ಅಷ್ಟು ಮಂದಿ ಮುಂದ, ಗಟ್ಟ್ಯಾಗಿ, 'ಲಗಮಪ್ಪಾ, ಒಳಗ ಬಾ' ಅಂದ್ಲು. ಅಕಿ ಮೊದಲ ಸಲ ಅಂದದ್ದು ಅವತ್ತೋ. ಮಂದಿ ಬಾಯಿ ಮ್ಯಾಲ ಕೈ ಇಟಗೊಂಡ್ರು. ಅಪ್ಪ ಅಲ್ಲೇ ಕುಸದು ಕೂತು ಅತ್ತ. ಆಮ್ಯಾಲ ಸಾಯೂ ತನಕ ದಿನಾ ಕರದ್ಲು. ಅಂವಾ ಒಮ್ಮಿನೂ ಬ್ಯಾಡ ಅನ್ನಲಿಲ್ಲ."

ನನಗ ಬದುವಿನ ಮ್ಯಾಲ ನಿಂತ ಆಯಿ ಕಂಡಂಗ ಆತು. ನಾವೆಲ್ಲಾ ನಗತಿದ್ವಲ್ರಿ! ಐದಾರು ಲಗಮಪ್ಪಗಳು ತಲಿ ಎತ್ತೂದು ನೋಡಿ ಹೊಟ್ಟಿ ಹಿಡಕೊಂಡು ನಗತಿದ್ವಿ. ಕೋರ್ಟಿನ್ಯಾಗ ಬಾಯಿಗಿ ಬರದ ಒಂದು ಹೆಸರನ್ನ ಅಕಿ ನಲವತ್ತು ವರ್ಷ ದಿನಾ ಒದರಿದ್ಲು, ಒಬ್ಬರಿಗೂ ಯಾಕಂತ ಹೇಳಲಿಲ್ಲ. ಏನಂತ ಹೇಳಬೇಕು ಪಾಪ?

ಕಾಕಾ ಕಾಗದ ನೋಡಿದ, ಅಕ್ಕನ್ನ ನೋಡಿದ. "ನಾ ಅವ್ವಗ ಒಮ್ಮಿ ಬೈದಿದ್ನಿ ಅಕ್ಕಾ" ಅಂದ. "ಸಾಲಿಂದ ಬಂದು, ಅಪ್ಪನ ಮರ್ಯಾದಿ ಯಾಕ ಕಳೀತಿ ಅಂತ ಬೈದಿದ್ನಿ. ಅಕಿ ಸುಮ್ಮನ ರೊಟ್ಟಿ ಬಡೀತಿದ್ಲು." ಎಪ್ಪತ್ತು ದಾಟಿದ ಮನಿಶ್ಯಾ ಸಣ್ಣ ಹುಡುಗರಂಗ ಮೂಗ ಎಳಕೋತ ಕೂತ. ಮೂರೂ ಪ್ರತಿ ಅಕ್ಕನ ಉಡಿಯಾಗ ಇಟ್ಟ. ಆಫೀಸ ಕಾಪಿ ಅಂತ ಒಂದೂ ಇಟಗೊಳ್ಳಲಿಲ್ಲ.

ದಾಜಿ ಮುಂದ ಒಗೀತೀನಿ ಅಂದಾಂವ, ಅದನ್ನೂ ಮರತ. ನಾನರೆ ಹೋಗಿ ಒಗೀಲೇನು ಅಂತ ಎದ್ದೆ. ಅತ್ತಿ ಕೈ ಸನ್ನಿ ಮಾಡಿ ನನ್ನ ಕೂಡಿಸಿದ್ಲು. ಕಾಗದ ಮಡಚಿ ಸೆರಗಿನ್ಯಾಗ ಕಟಗೊಂಡ್ಲು. ಚಾಕ್ಕ ಇಟ್ಟಳು. ಚಾ ಕುದ್ದು ಸೋಸಿದ ಮ್ಯಾಲ ಬಂದು ಹೊಸ್ತಿಲದ ಮ್ಯಾಲ ನಿಂತಳು. ಒಂದು ಕೈಲೆ ಬಾಗಿಲ ಚೌಕಟ್ಟು ಹಿಡಕೊಂಡ್ಲು. ಇನ್ನೊಂದು ಕೈ ಸೊಂಟದ ಮ್ಯಾಲ ಹೋತು.

"ಗುರಪ್ಪಾ!"

ನನಗ ಐವತ್ತು ಆಗಾಕ ಬಂದಾವ. ಮಾಮಾನ ಹೆಸರ ಅತ್ತಿ ಬಾಯಾಗ ಅವತ್ತ ಮೊದಲ ಕೇಳಿದ್ದು.

"ಏ ಗುರಪ್ಪಾ! ಚಾ ಆರತೈತಿ, ಬಾ! ಲಗಮಪ್ಪನ ಮಗಳು ಕರ್ಯಾಕತ್ತಾಳ!"

ಮೂರು ಸಲ ಒದರಿದ್ರ ಒಮ್ಮಿ ಕೇಳೂವಂಥಾ ಮಾಮಾ ಗಕ್ಕನ ತಿರಗಿದ. ಚ್ಯಾಷ್ಟಿ ಮಾಡಲಿಲ್ಲ. ಕೋಲ ಹುಡುಕಿ, ಊರಕೋತ, ನಿಧಾನ ಹೊಸ್ತಿಲದ ತನಕ ಬಂದ. ಬಂದು ಅತ್ತಿ ಮಾರಿ ನೋಡಿದ. ಅಕಿ ಸೆರಗಿನ ಗಂಟು ನೋಡಿದ, ಒಳಗ ಅಳಕೋತ ಕೂತ ಕಾಕಾನ್ನ ನೋಡಿದ. ಏನ ತಿಳಕೊಂಡನೋ ದೇವರಿಗೇ ಗೊತ್ತು.

"ಏನ ಅಂದಿ?" ಅಂದ ಮೆತ್ತಗ. "ಇನ್ನೊಮ್ಮಿ ಅನ್ನು."

ಅತ್ತಿ ಇನ್ನೊಮ್ಮಿ ಅಂದ್ಲು.